ಬಿಸಿಲು, ಬೆವರು ಮತ್ತು ಪಿತ್ತದ ಗಂಧೆ: ಹೊಲಗೆಲಸದಲ್ಲಿ ಅನುಸರಿಸಬೇಕಾದ ಕ್ರಮಗಳು

ಕಳೆ ತೆಗೆಯಲು ಸಾಲಿಗೆ ಇಳಿದು ಹತ್ತು ನಿಮಿಷವೂ ಆಗಿರುವುದಿಲ್ಲ. ಮೈ ಬಿಸಿಯಾಗಿ ಬೆವರು ಒಡೆಯುವ ಹೊತ್ತಿಗೆ ಎದೆ, ಬೆನ್ನು, ತೋಳುಗಳಲ್ಲಿ ಸೂಜಿಯಿಂದ ಚುಚ್ಚಿದಂತಹ ನವೆ ಆರಂಭವಾಗುತ್ತದೆ. ಅಂಗಿ ಸರಿಸಿ ನೋಡಿದರೆ ರಾಗಿ ಕಾಳಿನಷ್ಟು ಸಣ್ಣ ಗುಳ್ಳೆಗಳು, ಅವುಗಳ ಸುತ್ತ ಕೆಂಪು. ಬೇವಿನ ಮರದ ನೆರಳಿಗೆ ಬಂದು ಮೈ ಆರಿಸಿಕೊಂಡರೆ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಎಲ್ಲವೂ ಗುರುತಿಲ್ಲದಂತೆ ಮಾಯವಾಗುತ್ತದೆ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ವೈದ್ಯರಿಗೆ ತೋರಿಸಲು ಏನೂ ಉಳಿದಿರುವುದಿಲ್ಲ. ಹೊಲದಲ್ಲಿ ಜೊತೆಗಾರರಿಗೆ ತೋರಿಸಲೂ ಇರುವುದಿಲ್ಲ. ಆದ್ದರಿಂದಲೇ ಈ ತೊಂದರೆಯಿರುವ ಯುವಕ ಯುವತಿಯರು ಕೆಲಸದ ನಡುವೆ ಎದ್ದು ಹೋದಾಗ ‘ಮೈಗಳ್ಳರು’ ಎಂಬ ಮಾತನ್ನು ಕೇಳಬೇಕಾಗುತ್ತದೆ.

ಇದು ಮೈಗಳ್ಳತನವಲ್ಲ. ಮೈಯ ಒಳತಾಪ ಏರಿದಾಗ ಏಳುವ ಒಂದು ಬಗೆಯ ಪಿತ್ತದ ಗಂಧೆ ಇದು. ವೈದ್ಯಶಾಸ್ತ್ರದಲ್ಲಿ ಇದನ್ನು ಕೋಲಿನರ್ಜಿಕ್ ಅರ್ಟಿಕೇರಿಯ ಎಂದು ಕರೆಯುತ್ತಾರೆ. 1924ರಲ್ಲಿಯೇ ಅಮೆರಿಕದ ವೈದ್ಯ ವಿಲಿಯಂ ಡ್ಯೂಕ್ ಇದನ್ನು ವಿವರಿಸಿದ್ದರು. ಸಾಮಾನ್ಯವಾಗಿ ಹದಿಹರೆಯದಿಂದ ಮೂವತ್ತರ ಆಸುಪಾಸಿನ ವಯಸ್ಸಿನಲ್ಲಿ, ಅಂದರೆ ಹೊಲದ ಕಷ್ಟದ ಕೆಲಸವೆಲ್ಲ ಹೆಗಲಿಗೆ ಬೀಳುವ ವಯಸ್ಸಿನಲ್ಲಿಯೇ ಇದು ಕಾಣಿಸಿಕೊಳ್ಳುತ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಹಲವರಲ್ಲಿ ಕೆಲವು ವರ್ಷಗಳ ನಂತರ ತಾನಾಗಿಯೇ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಬೇಸಾಯವನ್ನು ಬಿಡಬೇಕಾಗಿಲ್ಲ. ಆದರೆ ಕೆಲಸದ ಹೊತ್ತು, ವೇಗ ಮತ್ತು ಉಡುಪನ್ನು ಬದಲಿಸಿಕೊಳ್ಳುವುದು ಅನಿವಾರ್ಯ. ಹಾಗೆ ಬದಲಿಸುವಾಗ ನವೆಯ ಕಾಟ ತಾಳಲಾರದೆ ಕೆಲವರು ಮಾಡಿಕೊಳ್ಳುವ ಎರಡು ತಪ್ಪುಗಳು ಗಂಧೆಗಿಂತಲೂ ಹೆಚ್ಚು ಅಪಾಯಕಾರಿ. ಔಷಧಿ ಸಿಂಪಡಿಸುವಾಗ ರಕ್ಷಣಾ ಉಡುಪು ಕಳಚುವುದು ಒಂದು. ಅಂಗಡಿಯಿಂದ ತಂದ ಮಾತ್ರೆ ನುಂಗಿ ಬಿಸಿಲಿಗೆ ಇಳಿಯುವುದು ಇನ್ನೊಂದು. ಈ ಲೇಖನದಲ್ಲಿ ಇವೆರಡಕ್ಕೆ ಹೆಚ್ಚಿನ ಗಮನ ನೀಡಲಾಗಿದೆ.

ಮೈಯೊಳಗೆ ನಡೆಯುವುದೇನು?

ದೇಹದ ಒಳತಾಪ ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲುವಂತೆ ಮಿದುಳು ಸದಾ ನೋಡಿಕೊಳ್ಳುತ್ತದೆ. ದುಡಿಮೆಯಿಂದ ಅಥವಾ ಬಿಸಿಲಿನಿಂದ ತಾಪ ಏರತೊಡಗಿದೊಡನೆ ನರಗಳ ಮೂಲಕ ಬೆವರಿನ ಗ್ರಂಥಿಗಳಿಗೆ ಸೂಚನೆ ಹೋಗುತ್ತದೆ. ಆ ನರಗಳ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಿಡುಗಡೆಯಾಗಿ ಬೆವರು ಸುರಿಯುತ್ತದೆ. ಎಲ್ಲರಲ್ಲಿಯೂ ನಡೆಯುವ ಕ್ರಿಯೆ ಇದು. ಈ ಗಂಧೆಯ ಪ್ರವೃತ್ತಿ ಇರುವವರಲ್ಲಿ ಮಾತ್ರ ಇದೇ ಹೊತ್ತಿಗೆ ಚರ್ಮದಲ್ಲಿರುವ ಮಾಸ್ಟ್ ಕೋಶಗಳು ಕೆರಳಿ ಹಿಸ್ಟಮಿನ್ ಎಂಬ ವಸ್ತುವನ್ನು ಹೊರಹಾಕುತ್ತವೆ. ನವೆ, ಕೆಂಪು, ಗುಳ್ಳೆ ಮೂರಕ್ಕೂ ಈ ಹಿಸ್ಟಮಿನ್ನೇ ಮುಖ್ಯ ಕಾರಣ. ಕೆಲವರಿಗೆ ತಮ್ಮದೇ ಬೆವರಿನಲ್ಲಿರುವ ಅಂಶಗಳು ಒಗ್ಗುವುದಿಲ್ಲ. ಇನ್ನು ಕೆಲವರಲ್ಲಿ ಬೆವರಿನ ರಂಧ್ರಗಳು ಸರಿಯಾಗಿ ತೆರೆಯದೆ ಬೆವರು ಕಡಿಮೆ ಬರುತ್ತದೆ. ಈ ಕೊನೆಯ ಗುಂಪಿನವರು ವಿಶೇಷ ಎಚ್ಚರ ವಹಿಸಬೇಕು. ಜೊತೆಯವರೆಲ್ಲ ಬೆವರಿನಲ್ಲಿ ತೊಯ್ದಿರುವಾಗ ತಮ್ಮ ಮೈ ಮಾತ್ರ ಒಣಗಿದ್ದು ಕಾದ ಹೆಂಚಿನಂತೆ ಸುಡುತ್ತಿದ್ದರೆ, ಅಂಥವರಿಗೆ ಗಂಧೆಗಿಂತ ಉಷ್ಣಾಘಾತದ ಭಯ ಹೆಚ್ಚು.

ಕಾರಣ ಒಳತಾಪವೇ ಆದ್ದರಿಂದ ಬಿಸಿಲೊಂದನ್ನೇ ದೂರಿ ಫಲವಿಲ್ಲ. ಆಲೆಮನೆಯ ಕೊಪ್ಪರಿಗೆಯ ಮುಂದೆ, ಅಡಿಕೆ ಬೇಯಿಸುವ ಒಲೆಯ ಬಳಿ, ತಂಬಾಕು ಹದ ಮಾಡುವ ಬ್ಯಾರನ್‌ನಲ್ಲಿ, ಗಾಳಿಯಾಡದ ಪಾಲಿಹೌಸ್‌ನಲ್ಲಿ, ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಘಟಕದಲ್ಲಿ, ಎಲ್ಲಿಯೇ ಆದರೂ ಮೈ ಕಾದರೆ ಗಂಧೆ ಏಳಬಹುದು. ಒಲೆಯ ಮುಂದೆ ಕುಳಿತು ಮನೆಮಂದಿಗೆಲ್ಲ ರೊಟ್ಟಿ ಬಡಿಯುವ ಹೆಣ್ಣುಮಕ್ಕಳಿಗೆ ಹೊಲಕ್ಕೆ ಹೋಗುವ ಮೊದಲೇ ಅಡುಗೆಮನೆಯಲ್ಲಿ ಇದು ಆರಂಭವಾಗಿರುತ್ತದೆ; ಆದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಂಡೆಯ ಸುಡುನೀರಿನ ಸ್ನಾನ, ಬಿಸಿಬಿಸಿಯಾದ ಖಾರದ ಊಟ, ಮದ್ಯಪಾನ, ತೀವ್ರ ಸಿಟ್ಟು ಅಥವಾ ಗಾಬರಿಯಿಂದಲೂ ಗಂಧೆ ಏಳುವುದುಂಟು.

ಇದೇ ಗಂಧೆಯೇ, ಬೇರೆಯೇ?

ಬೇಸಿಗೆಯಲ್ಲಿ ಚರ್ಮದ ಮೇಲೆ ಕಾಣುವುದೆಲ್ಲ ಇದಲ್ಲ. ಬೆವರುಸಾಲೆಯ ಗುಳ್ಳೆಗಳು ಕುತ್ತಿಗೆ, ಸೊಂಟ, ಬಟ್ಟೆ ಒತ್ತುವ ಜಾಗಗಳಲ್ಲಿ ಎದ್ದು ದಿನಗಟ್ಟಲೆ ಉಳಿಯುತ್ತವೆ. ಪಾರ್ಥೇನಿಯಂ ಕಳೆಯಿಂದ ಬರುವ ಚರ್ಮದ ಉರಿ ಮುಖ, ಕತ್ತು, ಮೊಣಕೈ ಮಡಿಕೆಗಳಲ್ಲಿ ಕಾಣಿಸಿಕೊಂಡು ಚರ್ಮ ದಪ್ಪಗಾಗಿ ಕಪ್ಪಾಗುತ್ತದೆ. ಅದು ಗಂಟೆಗಳಲ್ಲಿ ಹೋಗುವಂಥದ್ದಲ್ಲ. ಬಿಸಿಲಿಗೆ ತೆರೆದಿದ್ದ ಭಾಗದಲ್ಲಿ ಮಾತ್ರ ಕೆಲವೇ ನಿಮಿಷಗಳಲ್ಲಿ ಗಂಧೆ ಎದ್ದು, ಬಟ್ಟೆ ಮುಚ್ಚಿದ್ದ ಭಾಗ ಸರಿಯಾಗಿದ್ದರೆ ಅದು ಬೆಳಕಿನಿಂದ ಬರುವ ಬೇರೆ ಬಗೆ. ಒಳತಾಪದ ಗಂಧೆಯ ಗುರುತುಗಳು ಮೂರು: ಕಾಳಿನಷ್ಟು ಸಣ್ಣ ಗಾತ್ರ, ಬೆವರಿನ ಜೊತೆಗೇ ಆಗಮನ, ತಂಪಾದೊಡನೆ ನಿರ್ಗಮನ.

ಗುಳ್ಳೆ ಎದ್ದಾಗ ಮೊಬೈಲ್‌ನಲ್ಲಿ ಹತ್ತಿರದಿಂದ ಚಿತ್ರ ತೆಗೆದು ಇಟ್ಟುಕೊಳ್ಳಿ. ವೈದ್ಯರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ. ಒಂದು ಗುಳ್ಳೆಯ ಸುತ್ತ ಬಾಲ್‌ಪೆನ್ನಿನಿಂದ ಗೆರೆ ಎಳೆದು ಸಮಯ ಬರೆದಿಡುವುದೂ ಉಪಯುಕ್ತ. ಅದೇ ಗುಳ್ಳೆ 24 ಗಂಟೆಗಳ ನಂತರವೂ ಅಲ್ಲಿಯೇ ಇದ್ದರೆ, ನವೆಗಿಂತ ನೋವು ಹೆಚ್ಚಾಗಿದ್ದರೆ ಅಥವಾ ಹೋದ ಮೇಲೆ ಕಂದು ಕಲೆ ಉಳಿದರೆ ಅದು ಸಾಮಾನ್ಯ ಗಂಧೆಯಲ್ಲ. ಚರ್ಮರೋಗ ತಜ್ಞರನ್ನು ಕಾಣಲೇಬೇಕು.

ಕೀಟನಾಶಕದ ವಿಷವೆಂದು ಶಂಕಿಸಬೇಕಾದಾಗ

ವಿಸ್ತರಣಾ ಕಾರ್ಯಕರ್ತರು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕು. ಆರ್ಗನೋಫಾಸ್ಫರಸ್ ಮತ್ತು ಕಾರ್ಬಮೇಟ್ ಗುಂಪಿನ ಕೀಟನಾಶಕಗಳು ದೇಹವನ್ನು ಸೇರಿದಾಗ ಮೇಲೆ ಹೇಳಿದ ಅಸಿಟೈಲ್‌ಕೋಲಿನ್ ಒಡೆದು ಹೋಗುವುದನ್ನೇ ತಡೆಯುತ್ತವೆ. ಅದು ದೇಹದಲ್ಲಿ ಮಿತಿಮೀರಿ ಸಂಗ್ರಹವಾಗುವುದರಿಂದ ವಿಪರೀತ ಬೆವರು ಬರುತ್ತದೆ. ಹೀಗಾಗಿ ಗಂಧೆಯ ಹಿನ್ನೆಲೆಯುಳ್ಳ ವ್ಯಕ್ತಿ ಸಿಂಪರಣೆಯ ನಂತರ ಬೆವರಿ ಅಸ್ವಸ್ಥನಾದಾಗ ‘ಇವನಿಗೆ ಯಾವಾಗಲೂ ಇದ್ದದ್ದೇ’ ಎಂದು ಸುತ್ತಲಿನವರು ಸುಮ್ಮನಾಗುವ ಸಂಭವವಿದೆ. ಬೆವರಿನ ಜೊತೆಗೆ ಬಾಯಿಯಲ್ಲಿ ಜೊಲ್ಲು, ಕಣ್ಣೀರು, ವಾಂತಿ, ಹೊಟ್ಟೆ ನುಲಿತ, ಕಣ್ಣು ಮಂಜಾಗುವುದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುವುದು, ಮಾಂಸಖಂಡಗಳು ಅದುರುವುದು, ಉಸಿರಾಟದ ಕಷ್ಟ ಇವುಗಳಲ್ಲಿ ಯಾವುದಾದರೂ ಕಂಡರೆ ಅದು ವಿಷಬಾಧೆಯೆಂದೇ ತಿಳಿಯಿರಿ. ನೆರವಿಗೆ ಹೋಗುವವರು ಕೈಗವಸು ಧರಿಸಿ ರೋಗಿಯ ಬಟ್ಟೆ ಕಳಚಬೇಕು. ಮೈಯನ್ನು ಸೋಪು ನೀರಿನಿಂದ ತೊಳೆದು, 108ಕ್ಕೆ ಕರೆಮಾಡಿ, ಔಷಧಿಯ ಡಬ್ಬಿ ಅಥವಾ ಅದರ ಚೀಟಿಯೊಡನೆ ಆಸ್ಪತ್ರೆಗೆ ಸಾಗಿಸಬೇಕು. ಗಂಧೆಯ ಮಾತ್ರೆ ಈ ಸ್ಥಿತಿಯಲ್ಲಿ ಯಾವ ಪ್ರಯೋಜನಕ್ಕೂ ಬಾರದು.

ಇನ್ನು ರಕ್ಷಣಾ ಉಡುಪಿನ ಪ್ರಶ್ನೆ. ತುಂಬುತೋಳಿನ ಅಂಗಿ, ಕೈಗವಸು, ಮುಖಗವಸು, ಕನ್ನಡಕ, ಬೂಟು ಧರಿಸಿ ಬೆನ್ನಿಗೆ ಪಂಪು ಕಟ್ಟಿಕೊಂಡು ನಡೆಯುವವರಿಗೆ ಮೈ ಕಾಯದೆ ಇರಲಾರದು. ನವೆ ಏಳುತ್ತಿದ್ದಂತೆ ಗವಸು ಕಿತ್ತು, ಅದೇ ಕೈಯಿಂದ ಬೆನ್ನು ಎದೆ ಕೆರೆದುಕೊಳ್ಳುವುದು ಸಹಜವೆನಿಸಬಹುದು; ಆದರೆ ಕೆರೆದು ಗೀರಾದ, ಬೆವರಿನಿಂದ ತೊಯ್ದ ಬಿಸಿ ಚರ್ಮದ ಮೂಲಕ ವಿಷ ಒಳಗೆ ಇಳಿಯುವುದು ಇನ್ನಷ್ಟು ಸುಲಭ. ಉಡುಪು ಕಳಚುವುದು ಪರಿಹಾರವಲ್ಲ, ಹೊತ್ತು ಬದಲಿಸುವುದು ಪರಿಹಾರ. ಬೆಳಗಿನ ತಂಪಿನಲ್ಲಿ ಅಥವಾ ಸಂಜೆ, ಗಾಳಿ ಕಡಿಮೆ ಇರುವಾಗ ಸಿಂಪಡಿಸಿ. ಔಷಧಿ ಆವಿಯಾಗಿ, ಗಾಳಿಗೆ ತೂರಿ ಹೋಗುವುದು ಇದರಿಂದ ತಪ್ಪುತ್ತದೆ. ಸಂಜೆಯ ಸಿಂಪರಣೆಯಿಂದ ಜೇನುನೊಣಗಳೂ ಉಳಿಯುತ್ತವೆ. ಇಬ್ಬರಿದ್ದರೆ ಅರ್ಧ ಗಂಟೆಗೊಮ್ಮೆ ಪಾಳಿ ಬದಲಿಸಿಕೊಳ್ಳಿ. ನಡುವೆ ಗಂಧೆ ಎದ್ದರೆ ಪಂಪು ಇಳಿಸಿ, ಗಾಳಿ ಬೀಸಿ ಬರುವ ದಿಕ್ಕಿಗೆ ಸರಿದು, ಗವಸಿನ ಮೇಲೆಯೇ ಮೊದಲು ನೀರು ಸುರಿದು ತೊಳೆದು, ನಂತರ ಗವಸು ಕಳಚಿ ಕೈ ತೊಳೆದುಕೊಂಡು ನೆರಳಿಗೆ ಹೋಗಿ. ಹಿಂದೆ ಒಮ್ಮೆಯಾದರೂ ಗಂಧೆಯ ಜೊತೆ ಉಸಿರು ಕಟ್ಟಿದವರು ಅಥವಾ ತಲೆಸುತ್ತಿ ಬಿದ್ದವರು ಸಿಂಪರಣೆಯ ಕೆಲಸಕ್ಕೆ ಹೋಗಲೇಬಾರದು.

ಕೆಲಸದ ಹೊತ್ತು ಮತ್ತು ವೇಗ

ಏಪ್ರಿಲ್–ಮೇ ತಿಂಗಳುಗಳಲ್ಲಿ ರಾಯಚೂರು, ಕಲಬುರಗಿ ಭಾಗದಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸದಲ್ಲ. ಆ ಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೇಸಿಗೆಯಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ಪದ್ಧತಿ ಇದೆ. ಫ್ಯಾನಿನ ಕೆಳಗೆ ಕುಳಿತವರಿಗೆ ಸಲ್ಲುವ ವಿನಾಯಿತಿ ಹೊಲದವರಿಗೆ ಮೊದಲು ಸಲ್ಲಬೇಕು. ನಸುಕಿನಲ್ಲಿ ಆರಂಭಿಸಿ ಹನ್ನೊಂದರೊಳಗೆ ಮುಗಿಸಿ, ಉಳಿದದ್ದನ್ನು ನಾಲ್ಕರ ನಂತರ ಮಾಡುವ ವ್ಯವಸ್ಥೆಯನ್ನು ಕೂಲಿಯ ಮಾತುಕತೆಯ ಸಮಯದಲ್ಲಿಯೇ ನಿಗದಿ ಮಾಡಿಕೊಳ್ಳಿ.

ಶಿವರಾತ್ರಿ ಕಳೆದು ಚಳಿ ಹಿಂದೆ ಸರಿದ ಮೊದಲ ಎರಡು ವಾರಗಳು ಈ ಗಂಧೆಯವರಿಗೆ ಹೆಚ್ಚು ಕಷ್ಟದವು. ಚಳಿಗಾಲದಲ್ಲಿ ಬೆವರದೆ ಇದ್ದ ಮೈ ಏಕಾಏಕಿ ಕಾದಾಗ ಗಂಧೆ ಜೋರಾಗಿ ಏಳುತ್ತದೆ. ದೇಹವು ಸೆಕೆಗೆ ಒಗ್ಗಿಕೊಳ್ಳಲು ಸುಮಾರು 7ರಿಂದ 14 ದಿನಗಳು ಬೇಕು. ಮೊದಲ ದಿನ ಅರ್ಧ ಹೊತ್ತು, ಹಗುರ ಕೆಲಸ. ನಂತರ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಒಮ್ಮೆ ಗಂಧೆ ಎದ್ದು ಇಳಿದ ಬಳಿಕ ಕೆಲವು ಗಂಟೆಗಳ ಕಾಲ, ಕೆಲವರಲ್ಲಿ ಒಂದು ದಿನದವರೆಗೂ, ಅದು ಮತ್ತೆ ಏಳದಿರುವುದನ್ನು ನೀವು ಗಮನಿಸಿರಬಹುದು. ಇದನ್ನು ಬಳಸಿಕೊಂಡು ಬೆಳಗಿನ ತಂಪಿನಲ್ಲಿ ಬಿರುಸಾಗಿ ನಡೆದು, ಮೆಲ್ಲಗೆ ಬೆವರು ತರಿಸಿಕೊಳ್ಳುವ ಅಭ್ಯಾಸವನ್ನು ವೈದ್ಯರು ಕೆಲವರಿಗೆ ಸೂಚಿಸುವುದುಂಟು. ಬೆವರು ಕಡಿಮೆ ಬರುವವರು, ಉಸಿರಾಟದ ತೊಂದರೆ ಬಂದವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು.

ಉಡುಪು ಸಡಿಲವಾದ, ತಿಳಿಬಣ್ಣದ ಹತ್ತಿಯದಾಗಿರಲಿ. ಸೀರೆಯ ಮೇಲೆ ಮನೆಯವರ ಹಳೆಯ ತುಂಬುತೋಳಿನ ಅಂಗಿ ತೊಡುವ ರೂಢಿ ಒಳ್ಳೆಯದೇ. ಆದರೆ ಆ ಅಂಗಿ ಪಾಲಿಸ್ಟರ್ ಆಗಿದ್ದರೆ ಬೆವರು ಆರದೆ ಕಾವು ಒಳಗೇ ಉಳಿಯುತ್ತದೆ. ತಲೆಗೆ, ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿಕೊಳ್ಳುವುದು ಸುಲಭ ಮತ್ತು ಪರಿಣಾಮಕಾರಿ. ಬಾಯಾರಿಕೆಗೆ ಕಾಯದೆ 15–20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಬೇಕು. ಮಣ್ಣಿನ ಮಡಕೆಯ ನೀರು, ಉಪ್ಪು ಹಾಕಿದ ನೀರುಮಜ್ಜಿಗೆ, ರಾಗಿ ಅಂಬಲಿ ಯಾವುದಾದರೂ ಆಗಬಹುದು. ಹೆಚ್ಚು ಬೆವರಿದ ದಿನ ಒಂದು ಲೀಟರ್ ಶುದ್ಧ ನೀರಿಗೆ 6 ಸಮತಟ್ಟಾದ ಚಹಾ ಚಮಚ ಸಕ್ಕರೆ ಮತ್ತು ಅರ್ಧ ಚಮಚ ಉಪ್ಪು ಕರಗಿಸಿ ಕುಡಿಯಿರಿ. ಸಂಜೆ ಮನೆಗೆ ಬಂದೊಡನೆ ಹಂಡೆಯ ಸುಡುನೀರು ಸುರಿದುಕೊಳ್ಳಬೇಡಿ. ಉಗುರುಬೆಚ್ಚಗಿನ ಅಥವಾ ತಣ್ಣೀರಿನ ಸ್ನಾನ ಸಾಕು. ರೊಟ್ಟಿ ಮಾಡುವ ಕೆಲಸವನ್ನು ನಸುಕಿಗೆ ತಳ್ಳಿ, ಕಿಟಕಿ ತೆರೆದು, ಹೊಗೆಕೊಳವೆಯುಳ್ಳ ಒಲೆ ಬಳಸಿ. ಸಾಧ್ಯವಿದ್ದಲ್ಲಿ ಮನೆಯ ಇನ್ನೊಬ್ಬರು, ಗಂಡಸರೂ ಸೇರಿದಂತೆ, ಒಲೆಯ ಮುಂದಿನ ಪಾಳಿ ಹಂಚಿಕೊಳ್ಳಲಿ.

ಮಾತ್ರೆಗಳ ಬಗ್ಗೆ ಎಚ್ಚರ

ಗಂಧೆಗೆ ಔಷಧಿ ಅಂಗಡಿಯಲ್ಲಿ ಕೈಗೆ ಸುಲಭವಾಗಿ ಸಿಗುವುದು ಹಳೆಯ ತಲೆಮಾರಿನ ಫೆನಿರಮಿನ್, ಕ್ಲೋರ್‌ಫೆನಿರಮಿನ್ ಮಾತ್ರೆಗಳು. ನವೆ ಇಳಿಯುತ್ತದೆ ನಿಜ. ಜೊತೆಗೆ ನಿದ್ದೆ ಎಳೆಯುತ್ತದೆ. ಮೇವು ಕತ್ತರಿಸುವ ಯಂತ್ರಕ್ಕೆ ಕೈಯೊಡ್ಡುವವರು, ಒಕ್ಕಣೆ ಯಂತ್ರದ ಬಾಯಿಗೆ ಬೆಳೆ ತುಂಬುವವರು, ಟ್ರ್ಯಾಕ್ಟರ್ ನಡೆಸುವವರು ಒಂದು ಕ್ಷಣ ತೂಕಡಿಸಿದರೂ ಏನಾಗಬಹುದೆಂದು ಹೇಳಬೇಕಾಗಿಲ್ಲ. ಇನ್ನೊಂದು ಅಪಾಯ ಅಷ್ಟಾಗಿ ಯಾರಿಗೂ ತಿಳಿದಿಲ್ಲ. ಈ ಹಳೆಯ ಮಾತ್ರೆಗಳು ಅಸಿಟೈಲ್‌ಕೋಲಿನ್‌ನ ಕೆಲಸವನ್ನೂ ತಡೆಯುವುದರಿಂದ ಬೆವರು ಕಡಿಮೆಯಾಗಬಹುದು. ಸುಡುಬಿಸಿಲಿನಲ್ಲಿ ಬೆವರು ನಿಂತರೆ ದೇಹಕ್ಕೆ ತಂಪಾಗುವ ದಾರಿಯೇ ಮುಚ್ಚಿದಂತೆ. ಗಂಧೆ ಇಳಿಯಿತೆಂಬ ಸಮಾಧಾನದಲ್ಲಿ ಕೆಲಸ ಮುಂದುವರಿಸಿದವರು ಉಷ್ಣಾಘಾತಕ್ಕೆ ಹತ್ತಿರವಾಗುತ್ತಾರೆ.

ವೈದ್ಯರು ಇಂದು ಮೊದಲಿಗೆ ಸೂಚಿಸುವುದು ಸೆಟಿರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್ ಮೊದಲಾದ ಹೊಸ ತಲೆಮಾರಿನ ಔಷಧಿಗಳನ್ನು. ಗಂಧೆ ಎದ್ದಾಗ ಮಾತ್ರ ನುಂಗುವುದಕ್ಕಿಂತ, ಕೆಲಸದ ಋತುವಿನಲ್ಲಿ ವೈದ್ಯರು ಹೇಳಿದಷ್ಟು ಕಾಲ ಪ್ರತಿದಿನ ತೆಗೆದುಕೊಂಡಾಗ ಇವು ಹೆಚ್ಚು ಫಲ ನೀಡುತ್ತವೆ. ಸೆಟಿರಿಜಿನ್‌ನಿಂದಲೂ ಕೆಲವರಿಗೆ ನಿದ್ದೆ ಬರುವುದರಿಂದ ಮೊದಲ ಕೆಲವು ದಿನ ರಾತ್ರಿ ತೆಗೆದುಕೊಂಡು ಪರಿಣಾಮ ನೋಡಿ. ಸಾಲದಿದ್ದರೆ ಪ್ರಮಾಣ ಹೆಚ್ಚಿಸುವುದು ವೈದ್ಯರ ಕೆಲಸ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮೂತ್ರಪಿಂಡದ ತೊಂದರೆ ಇರುವವರು ಕೇಳದೆ ಯಾವ ಮಾತ್ರೆಯನ್ನೂ ನುಂಗಬಾರದು. ತಕ್ಷಣ ಗುಣವಾಗಲೆಂದು ಹಾಕಿಸಿಕೊಳ್ಳುವ ಸ್ಟೀರಾಯ್ಡ್ ಚುಚ್ಚುಮದ್ದು, ತಿಂಗಳುಗಟ್ಟಲೆ ನುಂಗುವ ಸ್ಟೀರಾಯ್ಡ್ ಮಾತ್ರೆ ಈ ಗಂಧೆಗೆ ಚಿಕಿತ್ಸೆಯಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂಳೆ ಸವೆತಕ್ಕೆ ದಾರಿ. ಮೈಕೈ ನೋವಿಗೆ ನುಂಗುವ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳು ಕೆಲವರಲ್ಲಿ ಗಂಧೆಯನ್ನು ಕೆರಳಿಸುತ್ತವೆ ಎಂಬುದೂ ನೆನಪಿರಲಿ.

ಕೆಲವು ಮನೆಗಳಲ್ಲಿ ಗಂಧೆ ಎದ್ದವರಿಗೆ ಕರಿಕಂಬಳಿ ಹೊದಿಸಿ ಉಜ್ಜುವ ರೂಢಿಯಿದೆ. ಬೇರೆ ಗಂಧೆಯ ಮಾತು ಹೇಗೋ, ಒಳತಾಪದ ಗಂಧೆಗೆ ಕಂಬಳಿ ಹೊದಿಸುವುದು ಉರಿಯುವ ಒಲೆಗೆ ಸೌದೆ ಇಟ್ಟಂತೆ. ಪುನರ್ಪುಳಿಯ ಪಾನಕ ಕುಡಿಯಲು ಅಡ್ಡಿಯಿಲ್ಲ. ಬೇಸಿಗೆಗೆ ಅದು ಒಳ್ಳೆಯ ಪಾನೀಯ. ಅದನ್ನೇ ಔಷಧಿಯೆಂದು ನಂಬಿ ವೈದ್ಯರನ್ನು ಕಾಣದಿರಬೇಡಿ. ನವೆಗೆ ಒದ್ದೆ ಬಟ್ಟೆ, ಕ್ಯಾಲಮೈನ್ ದ್ರಾವಣ ಹಿತ ನೀಡುತ್ತವೆ.

ತಡಮಾಡದೆ ಆಸ್ಪತ್ರೆಗೆ

ಗಂಧೆಯ ಜೊತೆ ತುಟಿ, ನಾಲಿಗೆ ಅಥವಾ ಕಣ್ಣಿನ ರೆಪ್ಪೆ ಊದುವುದು, ಗಂಟಲು ಬಿಗಿಯುವುದು, ಉಸಿರಿನಲ್ಲಿ ಸಿಳ್ಳೆಯ ಸದ್ದು, ತಲೆಸುತ್ತು, ಪ್ರಜ್ಞೆ ಮಸುಕಾಗುವುದು ಕಂಡರೆ ಕಾಯಬೇಡಿ. ಇದು ಅಪರೂಪ, ಆದರೆ ಪ್ರಾಣಾಂತಿಕ. 108ಕ್ಕೆ ಕರೆಮಾಡಿ ರೋಗಿಯನ್ನು ನೆರಳಿನಲ್ಲಿ ಅಂಗಾತ ಮಲಗಿಸಿ ಕಾಲುಗಳನ್ನು ಎತ್ತರಿಸಿ; ಉಸಿರಾಟ ಕಷ್ಟವಾದರೆ ಒರಗಿ ಕೂರಿಸಿ. ಎದ್ದು ನಡೆಯಲು ಬಿಡಬೇಡಿ, ಬಾಯಿಗೆ ನೀರು ಹಾಕಬೇಡಿ. ಆಸ್ಪತ್ರೆಯಲ್ಲಿ ನೀಡುವ ಅಡ್ರಿನಲಿನ್ ಚುಚ್ಚುಮದ್ದೇ ಇದಕ್ಕೆ ಮೊದಲ ಔಷಧಿ. ಮೈ ಸುಡುತ್ತಾ ಮಾತು ತೊದಲಿದರೆ ಅಥವಾ ವ್ಯಕ್ತಿ ಅಸಂಬದ್ಧವಾಗಿ ವರ್ತಿಸಿದರೆ ಅದು ಉಷ್ಣಾಘಾತ. ವಾಹನ ಬರುವವರೆಗೂ ಮೈಮೇಲೆ ನೀರು ಸುರಿಯುತ್ತಾ ಗಾಳಿ ಬೀಸುತ್ತಿರಿ.

ಜಮೀನುದಾರರಿಗೆ ಮತ್ತು ಮೇಸ್ತ್ರಿಗಳಿಗೆ

ತುಂಡುಗುತ್ತಿಗೆಯ ಕೆಲಸದಲ್ಲಿ ಗುಂಪಿನ ವೇಗಕ್ಕೆ ಸಮನಾಗಿ ಓಡಲು ಹೋಗಿ ಈ ತೊಂದರೆಯುಳ್ಳವರು ನವೆಯನ್ನು ಅದುಮಿಟ್ಟುಕೊಂಡೇ ದುಡಿಯುತ್ತಾರೆ. ಅಂಥವರು ಗುಂಪಿನಲ್ಲಿ ಇದ್ದಾರೆಯೇ ಎಂದು ಕೆಲಸದ ಮೊದಲ ದಿನವೇ ಕೇಳಿ ತಿಳಿಯಿರಿ. ಹೆಣ್ಣುಮಕ್ಕಳು ಮೈಮೇಲಿನ ಗುಳ್ಳೆಯ ಮಾತನ್ನು ಗಂಡಸರ ಮುಂದೆ ಆಡಲಾರರು, ಆದ್ದರಿಂದ ಗುಂಪಿನ ಹಿರಿಯ ಮಹಿಳೆಯ ಮೂಲಕ ಅಥವಾ ಆಶಾ ಕಾರ್ಯಕರ್ತೆಯ ಮೂಲಕ ವಿಚಾರಿಸುವುದು ಮೇಲು. ಮಧ್ಯಾಹ್ನದ ಹೊತ್ತಿಗೆ ಅವರಿಗೆ ಬೀಜ ಹಸನು ಮಾಡುವುದು, ಮೆಣಸಿನಕಾಯಿ ವಿಂಗಡಿಸುವುದು, ನರ್ಸರಿಯ ಚೀಲಗಳಿಗೆ ಮಣ್ಣು ತುಂಬುವುದು ಇಂತಹ ನೆರಳಿನ ಕೆಲಸ ಒದಗಿಸಿ, ಕೂಲಿಯನ್ನು ಕಡಿತಗೊಳಿಸದಿರಿ. ಹೊಲದ ಬದುವಿನಲ್ಲಿ ಮರವಿಲ್ಲದಿದ್ದರೆ ನಾಲ್ಕು ಗಳು ನೆಟ್ಟು, ನೆರಳುಪರದೆ ಅಥವಾ ತೆಂಗಿನ ಗರಿ ಹೊದಿಸಿ ಒಂದು ಚಪ್ಪರ ಹಾಕಿ, ಅದರ ಕೆಳಗೆ ನೀರಿನ ಮಡಕೆ ಇಡಿ. ಸಾಲಿನ ಕೊನೆಯಿಂದ ಎರಡು ನಿಮಿಷದಲ್ಲಿ ನಡೆದು ತಲುಪುವಷ್ಟು ಹತ್ತಿರದಲ್ಲಿ ಅದು ಇರಬೇಕು. ದೂರವಿದ್ದರೆ ಬೈಗುಳಕ್ಕೆ ಅಂಜಿ ಯಾರೂ ಅತ್ತ ಹೋಗುವುದಿಲ್ಲ.